1440 ಕೆಬಿ ಫ್ಲಾಪಿಗೆ 1680 ಕೆಬಿ ಹಿಡಿಸುವ ಬಗೆ

ಮೂರೂವರೆ ಇಂಚಿನ ಎಚ್‌ಡಿ (ಹೈ ಡೆನ್ಸಿಟಿ) ಫ್ಲಾಪಿಯ ಲೆಕ್ಕ ಹೀಗಿದೆ: 80 ಟ್ರ್ಯಾಕ್ (ತಟ್ಟೆಯ ಮೇಲಿನ ಉಂಗುರದಂಥ ಸಾಲು), 2 ಬದಿ, ಟ್ರ್ಯಾಕಿಗೆ 512 ಬೈಟಿನ 18 ಸೆಕ್ಟರ್ (ಆ ಸಾಲಿನ ತುಂಡು). ತಟ್ಟೆ ನಿಮಿಷಕ್ಕೆ 300 ಸುತ್ತು ತಿರುಗುತ್ತದೆ, ಸೆಕೆಂಡಿಗೆ 5 ಲಕ್ಷ ಬಿಟ್ ಬೀಳುತ್ತವೆ. ಅಂದರೆ ಒಂದು ಸುತ್ತಿನಲ್ಲಿ 12,500 ಬೈಟ್ ಜಾಗ. ನಮ್ಮ ಫೈಲಿಗೆ ಸಿಗುವುದು 9,216 ಮಾತ್ರ. ಉಳಿದದ್ದರಲ್ಲಿ ಸೆಕ್ಟರಿನ ವಿಳಾಸ, ತಪ್ಪು ಹಿಡಿಯುವ ಸಿಆರ್‌ಸಿ ಬಿಡುವಂತಿಲ್ಲ. ಕತ್ತರಿ ಹಾಕಬೇಕಾದ್ದು ಸೆಕ್ಟರುಗಳ ನಡುವಿನ ಖಾಲಿ ಗ್ಯಾಪಿಗೆ. ಹಾಗೆ ಮಾಡಿ ಟ್ರ್ಯಾಕಿಗೆ 18ರ ಬದಲು 21 ಸೆಕ್ಟರ್ ಕೂರಿಸಿದರೆ 1680 ಕೆಬಿ.

ವಿಳಾಸವೆಲ್ಲ ಸೇರಿ ಒಂದು ಸೆಕ್ಟರಿಗೆ 574 ಬೈಟ್ ಬೇಕು, ಅದರ ಹಿಂದೆ 108 ಬೈಟ್ ಗ್ಯಾಪ್. ಈ ಗ್ಯಾಪನ್ನು 12ಕ್ಕೆ ಇಳಿಸಿದರೆ 21 ಸೆಕ್ಟರಿಗೆ 12,306, ಟ್ರ್ಯಾಕಿನ ಆರಂಭಕ್ಕೆ 146, ಒಟ್ಟು 12,452. ಮಿಕ್ಕಿದ್ದು 48 ಬೈಟ್. ಡ್ರೈವ್ ಶೇ 1ರಷ್ಟು ಜೋರಾಗಿ ತಿರುಗಿದರೂ 125 ಬೈಟ್ ಖೋತಾ, 21ನೇ ಸೆಕ್ಟರ್ ಕೂರುವುದಿಲ್ಲ.

ಯುಎಸ್‌ಬಿ ಫ್ಲಾಪಿ ಡ್ರೈವ್ ಇಲ್ಲಿ ಸಾಮಾನ್ಯವಾಗಿ ಕೆಲಸಕ್ಕೆ ಬಾರದು, ಅದರೊಳಗಿನ ಚಿಪ್ ಮಾಮೂಲಿ ಅಳತೆಗಳನ್ನಷ್ಟೇ ಒಪ್ಪುತ್ತದೆ. ಮದರ್‌ಬೋರ್ಡಿಗೆ 34 ಪಿನ್ ಕೇಬಲ್‌ನಿಂದ ಕೂಡುವ ಹಳೆಯ ಡ್ರೈವೇ ಬೇಕು. ಮೊದಲು ಓದಿ ಬರೆಯುವ ಹೆಡ್ ಒರೆಸಿ: ಐಸೊಪ್ರೊಪೈಲ್ ಆಲ್ಕೋಹಾಲ್, ಹತ್ತಿ ಕಡ್ಡಿ, ಮೆತ್ತಗಿನ ಕೈ. ನಮ್ಮ ಎರೆಮಣ್ಣಿನ ಧೂಳು ಮುಚ್ಚಿದ ಕಿಟಕಿಯನ್ನೂ ಲೆಕ್ಕಿಸುವುದಿಲ್ಲ. ಕಲಬುರಗಿಯ ಬ್ಯಾಸಗಿ 40 ಡಿಗ್ರಿ ದಾಟಿದಾಗ ಗಾಡಿಯ ಡಿಕ್ಕಿಯಿಂದ ತಂದ ಫ್ಲಾಪಿಯನ್ನು ತಕ್ಷಣ ಹಾಕಬೇಡಿ, ಕೋಣೆಯಲ್ಲಿ ತಣಿಯಲಿ.

ಲಿನಕ್ಸ್‌ನಲ್ಲಿ ಎಫ್‌ಡಿಯುಟಿಲ್ಸ್ ಪ್ಯಾಕೇಜ್ ಹಾಕಿ, ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ ಸೂಪರ್‌ಫಾರ್ಮ್ಯಾಟ್ ಓಡಿಸಿ, ಸೆಕ್ಟರ್ 21, ಸಿಲಿಂಡರ್ (ಅಂದರೆ ಟ್ರ್ಯಾಕ್) 80 ಎಂದು ಕೊಡಿ. ಮೊದಲ ಸಲ ಅದು ಡ್ರೈವಿನ ವೇಗ ಅಳೆಯುತ್ತದೆ. ಸ್ವಲ್ಪ ಹೊತ್ತು ಹಿಡಿಯುತ್ತದೆ, ನಡುವೆ ನಿಲ್ಲಿಸಬೇಡಿ. ಕೊನೆಗೆ ತೋರಿಸುವ ಡೀವಿಯೇಶನ್ (ವೇಗದ ವ್ಯತ್ಯಾಸ) ಸಾಲನ್ನು ಡ್ರೈವ್‌ಪಿಆರ್‌ಎಂ ಫೈಲಿಗೆ ಸೇರಿಸಿದರೆ ಮತ್ತೆ ಅಳೆಯುವ ಗೋಜಿಲ್ಲ. ಫಾರ್ಮ್ಯಾಟ್, ಪರೀಕ್ಷೆ, ಡಾಸ್ ಫೈಲ್ ವ್ಯವಸ್ಥೆ ಎಲ್ಲ ಅದೇ ಮಾಡುತ್ತದೆ. ಡಾಸ್ ಯಂತ್ರದಲ್ಲಾದರೆ ಎಫ್‌ಡಿಫಾರ್ಮ್ಯಾಟ್, ವಿಂಡೋಸ್‌ನಲ್ಲಿ ವಿನ್‌ಇಮೇಜ್.

82 ಟ್ರ್ಯಾಕ್ ಮಾಡಿದರೆ 1722 ಕೆಬಿ ಆಗುತ್ತದೆ. ಆದರೆ ಆ 42 ಕೆಬಿಯ ಆಸೆ ಬೇಡ ಎನ್ನುವುದೇ ನಮ್ಮ ಅಭಿಪ್ರಾಯ. ಹೆಚ್ಚುವರಿ ಟ್ರ್ಯಾಕುಗಳು ನಡುಗುಂಬದ ಕಡೆ ಇರುತ್ತವೆ, ಅಲ್ಲಿ ಬಿಟ್‌ಗಳು ತೀರಾ ಒತ್ತೊತ್ತು. ಎಲ್ಲ ಡ್ರೈವಿನ ಹೆಡ್ಡೂ ಅಷ್ಟು ಒಳಗೆ ಹೋಗುತ್ತದೆಂಬ ಖಾತ್ರಿಯೂ ಇಲ್ಲ.

ನಿಜವಾದ ತೊಡಕು ಬರುವುದು ಮರುಬರಹದಲ್ಲಿ. ಕಲಬುರಗಿಯಲ್ಲಿ ಫಾರ್ಮ್ಯಾಟ್ ಮಾಡಿದ ಫ್ಲಾಪಿಯನ್ನು ಬೀದರಿನ ಡ್ರೈವಿನಲ್ಲಿ ಬರೀ ಓದಿದರೆ ತೊಂದರೆ ಕಡಿಮೆ. ಅಲ್ಲಿ ಬರೆದರೆ, ಆ ಡ್ರೈವ್ ಜೋರಾಗಿ ತಿರುಗುವಂಥದಾದರೆ, ಬರೆದ ಸೆಕ್ಟರ್ ತಟ್ಟೆಯ ಮೇಲೆ ಉದ್ದವಾಗಿ ಬೀಳುತ್ತದೆ. 12 ಬೈಟಿನ ಗ್ಯಾಪ್ ಸುಮಾರು ಶೇ 2ರ ವ್ಯತ್ಯಾಸ ತಡೆದೀತು. ಅದನ್ನು ಮೀರಿದರೆ ಮುಂದಿನ ಸೆಕ್ಟರಿನ ವಿಳಾಸವೇ ಅಳಿಸಿ, ‘ಸೆಕ್ಟರ್ ನಾಟ್ ಫೌಂಡ್’ ಬರುತ್ತದೆ. ಹಾಗಾಗಿ ಫೈಲ್ ತುಂಬಿದ ಮೇಲೆ ಮೂಲೆಯ ಗುಂಡಿ ಸರಿಸಿ, ಕಿಂಡಿ ತೆರೆದು ರೈಟ್ ಪ್ರೊಟೆಕ್ಟ್ ಮಾಡಿಬಿಡಿ. ಮೈಕ್ರೋಸಾಫ್ಟ್ ವಿಂಡೋಸ್ 95 ಫ್ಲಾಪಿಗಳಿಗೆ ಬಳಸಿದ ಡಿಎಂಎಫ್ ಎಂಬ ಫಾರ್ಮ್ಯಾಟ್ ಕೂಡ ಇದೇ 21 ಸೆಕ್ಟರಿನದು, ಅವೂ ಓದಲಿಕ್ಕಷ್ಟೇ ಇದ್ದವು.

720 ಕೆಬಿಯ ಡಿಡಿ (ಡಬಲ್ ಡೆನ್ಸಿಟಿ) ಫ್ಲಾಪಿಗೆ ತೂತು ಕೊರೆದು ಎಚ್‌ಡಿ ಎನ್ನಿಸುವುದು ಬೇರೆಯೇ ವಿದ್ಯೆ, ಅದರ ಗೊಡವೆ ಬೇಡ. ಲೇಪನವೇ ಬೇರೆ, ಇವತ್ತು ಓದಿದ್ದು ಆರು ತಿಂಗಳಿಗೆ ಓದದೇ ಹೋದೀತು. ಕಸೂತಿ ಯಂತ್ರ, ಹಳೆಯ ಸಂಗೀತ ಕೀಬೋರ್ಡುಗಳಿಗೆ ಕೊಡುವ ಫ್ಲಾಪಿಯನ್ನು ಆಯಾ ಯಂತ್ರ ಕೇಳುವ ಮಾಮೂಲಿ ಫಾರ್ಮ್ಯಾಟಿನಲ್ಲೇ ಬಿಡಿ.