ಆರ್ಚಿಬಾಲ್ಡ್ ಲೀಚ್ ಕಟ್ಟಿದ ಸ್ಟೇಡಿಯಂಗಳನ್ನು ನೋಡೋದು ಹೇಗೆ

ಹೊರಡುವ ಮುಂಚೆ ಒಂದು ತಾರೀಕು ನೆನಪಿಟ್ಟುಕೊಳ್ಳಿ: 1902ರ ಏಪ್ರಿಲ್ 5. ಗ್ಲಾಸ್ಗೋದ ಐಬ್ರಾಕ್ಸ್ ಪಾರ್ಕ್‌ನಲ್ಲಿ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ಫುಟ್‌ಬಾಲ್ ಪಂದ್ಯ ನಡೆಯುತ್ತಿತ್ತು. ಉಕ್ಕಿನ ಚೌಕಟ್ಟಿನ ಮೇಲೆ ಮರದ ಹಲಗೆ ಹಾಸಿ ಎತ್ತರಿಸಿದ್ದ ಮೆಟ್ಟಿಲುಗಳು ಮುರಿದು, ನಿಂತಿದ್ದ ಜನ ನೇರ ಕೆಳಕ್ಕೆ ಬಿದ್ದರು. 25 ಜನ ಸತ್ತರು, 500ಕ್ಕೂ ಜಾಸ್ತಿ ಮಂದಿಗೆ ಗಾಯ. ಅದನ್ನು ಡಿಸೈನ್ ಮಾಡಿದ್ದ ಲೀಚ್ ಆವತ್ತು ಅಲ್ಲೇ ಇದ್ದರು.

1865ರಲ್ಲಿ ಅದೇ ಊರಲ್ಲಿ ಹುಟ್ಟಿದ ಇವರು ಅದಕ್ಕೂ ಮುಂಚೆ ಕಾರ್ಖಾನೆಗಳನ್ನು, ಸಿಲೋನಿನಲ್ಲಿ ಟೀ ಫ್ಯಾಕ್ಟರಿಯನ್ನು ಡಿಸೈನ್ ಮಾಡಿದ್ದವರು. ದುರಂತದ ನಂತರ ದಾರಿ ಬದಲಾಯಿತು: ಗಟ್ಟಿ ಮಣ್ಣಿನ ದಿಬ್ಬದ ಮೇಲೆ ಮೆಟ್ಟಿಲು, ಜನರ ನೂಕು ತಡೆಯಲು ನಡುನಡುವೆ ಕಬ್ಬಿಣದ ತಡೆಗಂಬಿ. ಅದಕ್ಕೆ ಪೇಟೆಂಟ್ ಕೂಡ ತೆಗೆದುಕೊಂಡರು. ಆಮೇಲೆ ಬ್ರಿಟನ್ನಿನ 20ಕ್ಕೂ ಹೆಚ್ಚು ಮೈದಾನಗಳಲ್ಲಿ ಇವರ ಕೈ ಆಡಿದೆ. ನನಗೆ ಇವರ ಮೇಲೆ ಗೌರವ ಇರುವುದು ಇದಕ್ಕೇ, ಅಷ್ಟು ದೊಡ್ಡ ಪೆಟ್ಟು ತಿಂದ ಮೇಲೂ ಓಡಿಹೋಗದೆ, ಜನ ಸುರಕ್ಷಿತವಾಗಿ ನಿಲ್ಲೋದು ಹೇಗೆ ಅನ್ನೋ ಪ್ರಶ್ನೆಯನ್ನೇ ಹಿಡಿದು ಕೂತರಲ್ವಾ.

ಮೊದಲು ಲಂಡನ್ನಿನ ಕ್ರೇವನ್ ಕಾಟೇಜ್‌ಗೆ ಹೋಗಿ. ಫುಲ್‌ಹ್ಯಾಮ್ ಕ್ಲಬ್ಬಿನ ಮೈದಾನ, 1905ರ ಕೆಲಸ. ಒಳಗೆ ನುಗ್ಗುವ ಮುಂಚೆ ಸ್ಟೀವನೇಜ್ ರಸ್ತೆಯಲ್ಲಿ ಸುಮ್ನೆ ನಡೆಯಿರಿ. ಎದುರಿನ ಮನೆಗಳಿಗೆ ಹೊಂದುವಂತೆ ಕೆಂಪು ಇಟ್ಟಿಗೆಯ ಉದ್ದ ಗೋಡೆ. ಒಳಗೆ ಮರದ ಸೀಟುಗಳಿವೆ, ಕೂತು ನೋಡಿ.

ಆಮೇಲೆ ಲಿವರ್‌ಪೂಲಿನ ಗುಡಿಸನ್ ಪಾರ್ಕ್. ಬುಲೆನ್ಸ್ ರೋಡ್ ಸ್ಟ್ಯಾಂಡಿನ ಮೇಲಂತಸ್ತಿನ ಮುಂಭಾಗ ನೋಡಿ: ಉಕ್ಕಿನ ಪಟ್ಟಿಗಳು ಒಂದಕ್ಕೊಂದು ಅಡ್ಡ ಹಾದು, ಗುಣಿಸುವ ಚಿಹ್ನೆಯ ಸಾಲು. ಇದೇ ಲೀಚ್ ಗುರುತು. 2025ರಲ್ಲಿ ಎವರ್ಟನ್ ಪುರುಷರ ತಂಡ ಹೊಸ ಸ್ಟೇಡಿಯಂಗೆ ಹೋಯಿತು, ಈಗ ಇಲ್ಲಿ ಮಹಿಳೆಯರ ತಂಡ ಆಡುತ್ತದೆ. ಹೊಸದರ ಇಟ್ಟಿಗೆ ಗೋಡೆಯಲ್ಲೂ ಅದೇ ವಿನ್ಯಾಸ ಇದೆ.

ಟೈಮ್ ಇದ್ದರೆ ಐಬ್ರಾಕ್ಸ್ ಬಿಡಬೇಡಿ. 1929ರ ಮುಖ್ಯ ಸ್ಟ್ಯಾಂಡ್ ಇವರದ್ದೇ.

ಟಿಕೆಟ್ ತಗೊಳ್ಳುವಾಗ ಕಂಬ ಅಡ್ಡ ಬರುತ್ತಾ ಅಂತ ಕೇಳಿ. ಚಾವಣಿ ಹೊತ್ತ ಕಂಬಗಳು ಪ್ರೇಕ್ಷಕರ ನಡುವೆಯೇ ಇರುತ್ತವೆ, ಹಿಂದಿನ ಸಾಲಿನವರಿಗೆ ಅರ್ಧ ಗೋಲು ಕಾಣದೆ ಇರಬಹುದು. ಆಟವೇ ಮುಖ್ಯ ಅಂದರೆ ಮುಂದಿನ ಸಾಲು ಹಿಡಿಯಿರಿ.