ಮಳೆ ಬಿಟ್ಟ ಮೇಲೆ ಸೈಕಲ್, ಕಾಫಿ ಹೋದ ಮೇಲೆ ದೇಣಿಗೆ: ತಲಕಾವೇರಿ–ಬೆಂಗಳೂರು ಸವಾರಿಗೆ ನಾವು ತಯಾರಾಗುವ ಬಗೆ

ಕೊಡಗಿನಲ್ಲಿ ಸಹಾಯಾರ್ಥ ಸೈಕಲ್ ಸವಾರಿಗೆ ದಿನ ಗೊತ್ತು ಮಾಡುವ ಮೊದಲು ಎರಡು ವಿಷಯ ನೋಡಬೇಕು. ಮಳೆ ಯಾವಾಗ ಬಿಡುತ್ತದೆ, ಕಾಫಿ ಯಾವಾಗ ಮಾರಾಟವಾಗುತ್ತದೆ. ಕಾಲಿಗೆ ಬಲ ಬರುವುದು ಮೊದಲನೆಯದರ ಮೇಲೆ ನಿಂತಿದೆ, ಕೈಗೆ ಹಣ ಬರುವುದು ಎರಡನೆಯದರ ಮೇಲೆ. ಇವೆರಡಕ್ಕೂ ಹೊಂದುವ ಸಮಯ ಫೆಬ್ರವರಿ ಕೊನೆಯ ವಾರ. ಅಷ್ಟರಲ್ಲಿ ಅರೇಬಿಕಾ ಕಾಫಿ ಮಾರಾಟವಾಗಿ ಮನೆ ಬಿಟ್ಟಿರುತ್ತದೆ, ರೋಬಸ್ಟಾ ಕೊಯ್ಲು ಮುಗಿಯುತ್ತ ಬಂದಿರುತ್ತದೆ, ಮಂಡ್ಯದ ಬಯಲಿನ ಬಿಸಿಲು ಇನ್ನೂ ತಡೆದುಕೊಳ್ಳುವಂತಿರುತ್ತದೆ. ಅಕ್ಟೋಬರ್ ಮೊದಲ ವಾರದಲ್ಲಿ ಅಭ್ಯಾಸ ಶುರು ಮಾಡಿದರೆ 20 ವಾರ ಸಿಗುತ್ತದೆ. ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಒಂದು ವಾರ ಹೋಗುತ್ತದೆ. ಅದನ್ನು ಮೊದಲೇ ಕಳೆದು 19 ವಾರಕ್ಕೇ ಯೋಜನೆ ಹಾಕಿಕೊಳ್ಳುತ್ತೇವೆ.

ದಾರಿ ಹೀಗಿದೆ. ಮೊದಲ ದಿನ ತಲಕಾವೇರಿಯಿಂದ ಭಾಗಮಂಡಲ, ಚೇರಂಬಾಣೆ, ಮಡಿಕೇರಿ ದಾಟಿ ಕುಶಾಲನಗರ, ಸುಮಾರು 77 ಕಿಲೋಮೀಟರ್. ಎರಡನೇ ದಿನ ಪಿರಿಯಾಪಟ್ಟಣ, ಹುಣಸೂರು, ಮೈಸೂರು ಮೂಲಕ ಶ್ರೀರಂಗಪಟ್ಟಣ, ಸುಮಾರು 105. ಮೂರನೇ ದಿನ ಮಂಡ್ಯ, ರಾಮನಗರ ದಾರಿಯಲ್ಲಿ ಬೆಂಗಳೂರು, ಸುಮಾರು 125. ಕೊಡಗಿನಿಂದ ಕ್ಯಾನ್ಸರ್ ಚಿಕಿತ್ಸೆಗೆಂದು ಮೈಸೂರಿಗೆ, ಬೆಂಗಳೂರಿನ ಕಿದ್ವಾಯಿಗೆ ಹೋಗುವವರು ಬಸ್ಸಿನಲ್ಲಿ ಕೂತು ಹೋಗುವ ದಾರಿಯೂ ಹೆಚ್ಚುಕಡಿಮೆ ಇದೇ. ಸಂಗ್ರಹಿಸುವ ಹಣವೂ ಅವರ ಓಡಾಟಕ್ಕೇ.

ಮೊದಲು ಸೈಕಲ್ ವಿಷಯ. ದುಬಾರಿ ಸೈಕಲ್ ಬೇಕಿಲ್ಲ, ಸರಿಯಾದ ಗೇರ್ ಬೇಕು. ನಮ್ಮಲ್ಲಿ ಮೊಣಕಾಲು ನೋವು ಬಂದವರ ಸೈಕಲ್ ನೋಡಿದರೆ ಹೆಚ್ಚಿನ ಸಲ ಕಾರಣ ಒಂದೇ: ಹಿಂದಿನ ದೊಡ್ಡ ಹಲ್ಲುಚಕ್ರ 28 ಹಲ್ಲಿನದು. ಮುಂದೆ 34, ಹಿಂದೆ 34 ಇದ್ದರೆ ನಿಮಿಷಕ್ಕೆ 70 ಸುತ್ತು ತುಳಿದಾಗ ಗಂಟೆಗೆ 9 ಕಿಲೋಮೀಟರ್ ವೇಗ. ಹಿಂದೆ 28 ಇದ್ದರೆ ಅದೇ ವೇಗಕ್ಕೆ ಸುತ್ತು ಸುಮಾರು 58ಕ್ಕೆ ಇಳಿಯುತ್ತದೆ, ಪ್ರತಿ ತುಳಿತಕ್ಕೂ ಮಂಡಿಯ ಮೇಲೆ ಭಾರ ಏರುತ್ತದೆ. ಐದು ನಿಮಿಷದ ಏರಿಗೆ ಇದು ಗೊತ್ತಾಗುವುದಿಲ್ಲ, ಎರಡು ಗಂಟೆಯ ಘಾಟಿಗೆ ಚೆನ್ನಾಗಿ ಗೊತ್ತಾಗುತ್ತದೆ. ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಬದಲಿಸುವಾಗ, ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೇಲರ್ 34 ಹಲ್ಲನ್ನು ಎತ್ತುತ್ತದೆಯೇ ಎಂದು ಅಂಗಡಿಯಲ್ಲಿ ಕೇಳಿಕೊಳ್ಳಿ. ಚೈನಿನ ಉದ್ದವೂ ಬದಲಾಗಬೇಕಾಗುತ್ತದೆ.

ಸೀಟಿನ ಎತ್ತರಕ್ಕೆ ಸುಲಭದ ಲೆಕ್ಕ: ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು, ಒಂದು ಪುಸ್ತಕವನ್ನು ತೊಡೆಸಂದಿಗೆ ಒತ್ತಿ ಹಿಡಿದು ನೆಲದಿಂದ ಅಳತೆ ತೆಗೆಯಿರಿ. ಅದನ್ನು 0.883ರಿಂದ ಗುಣಿಸಿದರೆ ಕ್ರ್ಯಾಂಕ್ ತಿರುಗುವ ಅಚ್ಚಿನ (ಬಾಟಮ್ ಬ್ರಾಕೆಟ್) ನಡುವಿನಿಂದ ಸೀಟಿನ ಮೇಲ್ತುದಿಗೆ ಇರಬೇಕಾದ ಅಂತರ ಸಿಗುತ್ತದೆ. 80 ಸೆಂಟಿಮೀಟರ್ ಕಾಲಿಗೆ 70.6. ಇದು ಶುರುವಿಗೆ ಮಾತ್ರ. ಮಂಡಿಯ ಮುಂದೆ ನೋವಾದರೆ ಸೀಟು ತಗ್ಗಾಗಿದೆ ಎಂದೂ, ಮಂಡಿಯ ಹಿಂದೆ ಎಳೆದರೆ ಎತ್ತರವಾಗಿದೆ ಎಂದೂ ಅನುಮಾನಿಸಿ ಒಂದು ಸಲಕ್ಕೆ 3 ಮಿಲಿಮೀಟರ್ ಮಾತ್ರ ಸರಿಸುತ್ತೇವೆ. ಕೊನೆಯ ನಾಲ್ಕು ವಾರ ಸೀಟು, ಶೂ, ಪೆಡಲ್ ಯಾವುದನ್ನೂ ಮುಟ್ಟುವುದಿಲ್ಲ.

ಟೈರ್ 32 ಮಿಲಿಮೀಟರ್ ಅಗಲದ್ದು ನಮ್ಮ ರಸ್ತೆಗೆ ಹೇಳಿಮಾಡಿಸಿದ್ದು. 70 ಕಿಲೋ ತೂಕದವರಿಗೆ ಮುಂದೆ 55, ಹಿಂದೆ 62 ಪಿಎಸ್‌ಐ ಗಾಳಿಯ ಒತ್ತಡ ಸುಮಾರಾಗಿ ಸಾಕು. ಗಟ್ಟಿ ಇದ್ದಷ್ಟೂ ಹಗುರಾಗಿ ಓಡುತ್ತದೆ ಎಂದು 90ರವರೆಗೆ ತುಂಬುವವರಿದ್ದಾರೆ. ತೋಟದ ಗೇಟಿನ ಮುಂದೆ ಟ್ರ್ಯಾಕ್ಟರ್ ಬಿಟ್ಟುಹೋದ ಕೆಸರಿನ ಮೇಲೆ, ಬಿದ್ದ ಸಿಲ್ವರ್ ಓಕ್ ಎಲೆಯ ಮೇಲೆ ಆ ಟೈರ್ ಹಿಡಿತ ಬಿಡುತ್ತದೆ.

ಪಂಕ್ಚರ್ ಹಾಕುವುದನ್ನು ಮನೆಯಲ್ಲೇ ಕೂತು ಐದಾರು ಸಲ ಮಾಡಿ ಕಲಿಯಬೇಕು. ಟ್ಯೂಬಿಗೆ ಒಂದಿಷ್ಟು ಗಾಳಿ ತುಂಬಿ ತುಟಿಯ ಹತ್ತಿರ ನಿಧಾನ ತಿರುಗಿಸಿ, ಕಣ್ಣಿಗೆ ಕಾಣದ ತೂತು ತುಟಿಗೆ ತಣ್ಣಗೆ ತಾಗುತ್ತದೆ. ಒಂದು ರೂಪಾಯಿ ನಾಣ್ಯದಷ್ಟು ಜಾಗವನ್ನು ಮರಳುಕಾಗದದಿಂದ ಹೊಳಪು ಹೋಗುವವರೆಗೆ ಉಜ್ಜಿ. ಸೊಲ್ಯೂಷನ್ ಪ್ಯಾಚಿಗಿಂತ ಸ್ವಲ್ಪ ಅಗಲಕ್ಕೆ, ತೆಳುವಾಗಿ ಸವರಿ, ಮೂರರಿಂದ ಐದು ನಿಮಿಷ ಬಿಡಿ. ಹಸಿ ಹೊಳಪು ಹೋಗಿ ಮಂಕಾದ ಮೇಲೆಯೇ ಪ್ಯಾಚ್ ಒತ್ತಬೇಕು. ಪ್ಯಾಚ್ ಕಿತ್ತು ಬರುವುದು ಬಹುಪಾಲು ಈ ಐದು ನಿಮಿಷ ಕಾಯದೆ ಹಸಿಯಲ್ಲೇ ಅಂಟಿಸಿದ್ದರಿಂದ. ಆಮೇಲೆ ಟೈರಿನ ಒಳಗೆ ಹತ್ತಿಯ ತುಂಡನ್ನು ಒಂದು ಸುತ್ತು ಸವರಿ. ಮುಳ್ಳು ಇದ್ದಲ್ಲಿ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ. ಮುಳ್ಳು ತೆಗೆಯದೆ ಟ್ಯೂಬ್ ಹಾಕಿದರೆ ಎರಡು ಕಿಲೋಮೀಟರಿಗೆ ಮತ್ತೆ ಅದೇ ಕತೆ. ಅಕ್ಕಪಕ್ಕ ಎರಡು ಸೀಳು ಇದ್ದರೆ ಮುಳ್ಳಲ್ಲ, ಗಾಳಿ ಕಡಿಮೆಯಿದ್ದು ಗುಂಡಿಗೆ ಹೊಡೆದದ್ದು. ಮಂಜು, ಮಳೆ ಇದ್ದಾಗ ದಾರಿಯಲ್ಲಿ ಪ್ಯಾಚ್ ಹಿಡಿಯುವುದಿಲ್ಲ. ಹೊಸ ಟ್ಯೂಬ್ ಹಾಕಿ ಮುಂದೆ ಸಾಗಿ, ಹಳೆಯದಕ್ಕೆ ರಾತ್ರಿ ಪ್ಯಾಚ್ ಹಾಕಿ.

ಪ್ರತಿಯೊಬ್ಬರ ಚೀಲದಲ್ಲೂ ಎರಡು ಟ್ಯೂಬ್, ಎರಡು ಟೈರ್ ಲಿವರ್, ಪುಟ್ಟ ಪಂಪ್, ಚೈನ್ ಬಿಚ್ಚುವ ಟೂಲ್, ತುಂಡಾದ ಚೈನ್ ಜೋಡಿಸಲು ಅದಕ್ಕೇ ಹೊಂದುವ ಒಂದು ಕ್ವಿಕ್ ಲಿಂಕ್. ಜೊತೆಗೆ ಡಿರೇಲರನ್ನು ಸೈಕಲ್ಲಿಗೆ ಹಿಡಿದಿಡುವ ಹ್ಯಾಂಗರ್ ಒಂದು. ಪ್ರತಿ ಸೈಕಲ್ಲಿಗೂ ಅದರ ಆಕಾರ ಬೇರೆ, ದಾರಿಯ ಅಂಗಡಿಯಲ್ಲಿ ಸಿಗುವುದಿಲ್ಲ. ಸೈಕಲ್ ಬಲಕ್ಕೆ ಬಿದ್ದು ಅದು ಬಾಗಿದರೆ ಸವಾರಿ ಅಲ್ಲಿಗೇ ನಿಂತಂತೆ.

ಅಭ್ಯಾಸ ವಾರಕ್ಕೆ ನಾಲ್ಕು ದಿನ. ಮಂಗಳವಾರ, ಗುರುವಾರ ಒಂದೊಂದು ಗಂಟೆ, ಶನಿವಾರ ಎರಡು ಗಂಟೆ, ಭಾನುವಾರ ಉದ್ದನೆಯದು. ಮೊದಲ ಆರು ವಾರ ಮಾತಾಡುತ್ತ ತುಳಿಯುವಷ್ಟೇ ವೇಗ. ಒಂದು ಪೂರ್ತಿ ವಾಕ್ಯ ಉಸಿರು ಕಟ್ಟದೆ ಹೇಳಲು ಆಗದಿದ್ದರೆ ಗೇರ್ ಇಳಿಸಬೇಕು. ಈ ನಿಧಾನವೇ ಮೂರು ದಿನ ಕೂರುವ ಶಕ್ತಿ ಕೊಡುವುದು, ಇದರಲ್ಲಿ ಅವಸರ ಮಾಡಬೇಡಿ ಎಂದು ಹೊಸಬರಿಗೆ ಕೈಮುಗಿದು ಹೇಳುತ್ತೇವೆ. ಭಾನುವಾರದ ದೂರ 40ರಿಂದ ಶುರುವಾಗಿ ವಾರಕ್ಕೆ ಏಳೆಂಟು ಕಿಲೋಮೀಟರಿನಂತೆ ಏರುತ್ತದೆ. ಪ್ರತಿ ನಾಲ್ಕನೇ ವಾರ ಮೂರನೇ ಒಂದು ಭಾಗ ಇಳಿಸುತ್ತೇವೆ. ಏಳನೇ ವಾರದಿಂದ ಗುರುವಾರ ಏರು: ಎಂಟು ನಿಮಿಷ ಜೋರಾಗಿ, ನಾಲ್ಕು ನಿಮಿಷ ಹಗುರಾಗಿ, ಹೀಗೆ ನಾಲ್ಕು ಸಲ.

ರಸ್ತೆಗೆ ನಮ್ಮಲ್ಲಿ ಕೊರತೆಯಿಲ್ಲ. ಮಡಿಕೇರಿಯಿಂದ ಕುಶಾಲನಗರಕ್ಕೆ 30 ಕಿಲೋಮೀಟರ್, ಹೋಗುವಾಗ ಇಳಿತ, ಬರುವಾಗ ಹದವಾದ ಏರು. ಭಾಗಮಂಡಲದಿಂದ ತಲಕಾವೇರಿಗೆ 8 ಕಿಲೋಮೀಟರಿನಲ್ಲಿ ಸುಮಾರು 400 ಮೀಟರ್ ಏರು. ದೊಡ್ಡ ಪರೀಕ್ಷೆ ಸಂಪಾಜೆ ಘಾಟಿ. ಮಡಿಕೇರಿಯಿಂದ ಇಳಿದು ಅಲ್ಲಿಂದಲೇ ತಿರುಗಿ ಹತ್ತಿದರೆ ಸುಮಾರು ಸಾವಿರ ಮೀಟರ್ ಏರು ಕಾಲಿಗೆ ಸಿಗುತ್ತದೆ. ಅದನ್ನು ನವೆಂಬರ್ ಕಳೆದ ಮೇಲೆ, ರಸ್ತೆ ಒಣಗಿದಾಗ ಮಾತ್ರ ಮಾಡುತ್ತೇವೆ. ಇಳಿಯುವಾಗ ಬ್ರೇಕನ್ನು ಒಂದೇ ಸಮ ಹಿಡಿದುಕೊಂಡು ಬರಬಾರದು. ರಿಮ್ ಬ್ರೇಕಾದರೆ ರಿಮ್ ಕಾದು ಟ್ಯೂಬ್ ಒಡೆಯಬಹುದು. ತಿರುವಿಗೆ ಮೊದಲೇ ಬಲವಾಗಿ ಹಿಡಿದು ವೇಗ ತಗ್ಗಿಸಿ, ತಿರುವಿನಲ್ಲಿ ಬಿಟ್ಟುಬಿಡಬೇಕು.

ಬೆಳಿಗ್ಗೆ ಬೇಗ ಹೊರಡುವುದು ಒಳ್ಳೆಯದೇ, ಆದರೆ ಎಲ್ಲ ಕಡೆಯೂ ಅಲ್ಲ. ಕುಶಾಲನಗರದ ಹತ್ತಿರದ ಆನೆಕಾಡು, ಸಿದ್ದಾಪುರದ ಸುತ್ತಮುತ್ತ, ತಿತಿಮತಿ ಕಡೆ ಬೆಳಕು ಚೆನ್ನಾಗಿ ಹರಿದ ಮೇಲೆಯೇ ಹೋಗಬೇಕು. ಸೈಕಲ್ಲಿಗೆ ಸದ್ದಿಲ್ಲ, ತಿರುವಿನಾಚೆ ಆನೆ ಇದ್ದರೆ ಅದಕ್ಕೂ ಗೊತ್ತಾಗುವುದಿಲ್ಲ, ನಮಗೂ ಗೊತ್ತಾಗುವುದಿಲ್ಲ. ಒಬ್ಬೊಬ್ಬರೇ ಹೋಗುವುದು ಬೇಡ. ಕೊಯ್ಲಿನ ಕಾಲದಲ್ಲಿ ಕೆಲಸದವರನ್ನು ಕರೆದೊಯ್ಯುವ ಜೀಪು, ಪಿಕಪ್‌ಗಳು ಏಳೂವರೆಯಿಂದ ಎಂಟೂವರೆಯೊಳಗೆ ಒಳರಸ್ತೆಗಳಲ್ಲಿ ಒತ್ತೊತ್ತಾಗಿ ಬರುತ್ತವೆ. ಡಿಸೆಂಬರಿನ ಭಾನುವಾರ ಹೆದ್ದಾರಿಯಲ್ಲಿ ಪ್ರವಾಸಿಗರ ಕಾರು ಹೆಚ್ಚಾಗುವ ಮೊದಲು, ಹತ್ತೂವರೆಗೆ ಮನೆ ಸೇರಿರುತ್ತೇವೆ.

15ನೇ ಮತ್ತು 17ನೇ ವಾರದಲ್ಲಿ ಶನಿವಾರ 90, ಭಾನುವಾರ 100. ಒಂದೇ ದಿನ 150 ತುಳಿಯುವುದಕ್ಕಿಂತ ಇದು ನೂರು ಪಾಲು ಮೇಲು. ಸೀಟಿನ ಉರಿ, ಅಂಗೈ ಮರಗಟ್ಟುವುದು, ಕತ್ತು ಬಿಗಿಯುವುದು ಎಲ್ಲ ಎರಡನೇ ದಿನವೇ ಮುಖ ತೋರಿಸುತ್ತವೆ. ಚಡ್ಡಿಯ ಹೊಲಿಗೆ ಎಲ್ಲಿ ಉಜ್ಜುತ್ತದೆ ಎಂಬುದೂ ಆಗಲೇ ತಿಳಿಯುತ್ತದೆ. ಕೊನೆಯ ಹತ್ತು ದಿನ ದೂರ ಅರ್ಧಕ್ಕೆ ಇಳಿಸಿ, ವೇಗ ಮಾತ್ರ ಹಾಗೇ ಇಟ್ಟುಕೊಳ್ಳಬೇಕು.

ತಿನ್ನುವುದು ಗಂಟೆಗೆ 40ರಿಂದ 60 ಗ್ರಾಂ ಶರ್ಕರಪಿಷ್ಟದ ಲೆಕ್ಕದಲ್ಲಿ. ಒಂದು ಸಾಧಾರಣ ಬಾಳೆಹಣ್ಣಿನಲ್ಲಿ 25 ಗ್ರಾಂ ಆಸುಪಾಸು. ಅಂದರೆ ಗಂಟೆಗೆ ಎರಡು ಹಣ್ಣು. ಬೆಳಿಗ್ಗೆ ಕಡಂಬುಟ್ಟು (ಅಕ್ಕಿತರಿಯ ಕಡುಬು) ಎರಡು ಉಂಡೆ ಜೇನಿನ ಜೊತೆ ತಿಂದು ಹೊರಟರೆ ಹೊಟ್ಟೆ ಹಗುರಾಗಿರುತ್ತದೆ. ಪಂದಿಕರಿ (ಹಂದಿಮಾಂಸದ ಸಾರು) ಸಂಜೆಗಿರಲಿ, ಕೊಬ್ಬು ಕರಗಲು ಹೊತ್ತು ಹಿಡಿಯುತ್ತದೆ. ಹಸಿವಾದ ಮೇಲೆ ತಿನ್ನುವುದಲ್ಲ, ಹೊರಟ ಅರ್ಧ ಗಂಟೆಗೇ ಶುರು ಮಾಡಬೇಕು. ಮಡಿಕೇರಿಯ ಚಳಿಯಲ್ಲಿ ಬಾಯಾರುವುದಿಲ್ಲವೆಂದು ನೀರು ಕುಡಿಯದೆ ಬಂದವರು ಹುಣಸೂರು ದಾಟುವಾಗ ಸೊರಗುತ್ತಾರೆ. ಬಯಲಿಗೆ ಇಳಿದ ಮೇಲೆ ಗಂಟೆಗೆ 500ರಿಂದ 750 ಮಿಲಿಲೀಟರ್, ಅದರಲ್ಲಿ ಎರಡಕ್ಕೊಂದು ಬಾಟಲಿಗೆ ಓಆರ್‌ಎಸ್. ದೊಡ್ಡ ಪೊಟ್ಟಣ ಒಂದು ಲೀಟರಿಗೆ, ಅರ್ಧ ಲೀಟರಿಗಲ್ಲ. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ ಬರುತ್ತದೆ.

ಇನ್ನು ಹಣ. ಅರ್ಧ ತಯಾರಿ ಇದೇ, ಸೈಕಲ್ಲಿನಷ್ಟೇ ಶಿಸ್ತು ಬೇಕು. ಮೊದಲು, ಏನಕ್ಕೆ ಎಂಬುದು ಖಚಿತವಾಗಿರಬೇಕು. ‘ರೋಗಿಗಳ ಬಸ್ ಚಾರ್ಜಿಗೆ’ ಎಂದು ಕೇಳಿದರೆ ತಿಳಿದವರು ತಕ್ಷಣ ತಡೆಯುತ್ತಾರೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ಚಿಕಿತ್ಸೆಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇದೆ. ಕೈ ಕಚ್ಚುವುದು ಬೇರೆ ಕಡೆ: ತೋಟದ ಲೈನ್ ಮನೆಯಿಂದ (ಕೆಲಸದವರ ಸಾಲುಮನೆ) ಮುಖ್ಯರಸ್ತೆಗೆ ಬರಲು ಬಾಡಿಗೆ ಜೀಪು, ರೇಡಿಯೋಥೆರಪಿಗೆ ವಾರದಲ್ಲಿ ಐದು ದಿನದಂತೆ ಹಲವು ವಾರ ಊರಾಚೆ ಉಳಿಯುವ ಕೋಣೆ, ಊಟ, ಜೊತೆಗಿರುವವರ ಕಳೆದುಹೋದ ದಿನಗೂಲಿ. ನಾವು ಕೇಳುವುದು ಇದಕ್ಕೆ, ಹೀಗೇ ಬಿಡಿಸಿ ಹೇಳಿ.

ಗುರಿ ಒಬ್ಬೊಬ್ಬ ಸವಾರರಿಗೆ 30,000 ರೂಪಾಯಿ. ಲೆಕ್ಕಕ್ಕೆ ದಾರಿಯನ್ನು 300 ಕಿಲೋಮೀಟರ್ ಎಂದು ಹಿಡಿದು, ಕಿಲೋಮೀಟರಿಗೆ 5 ರೂಪಾಯಿಯಂತೆ 20 ಜನ ಒಪ್ಪಿದರೆ ಮುಗಿಯಿತು. ನವೆಂಬರ್‌ನಲ್ಲಿ ಹೋಗಿ ಹಣ ಕೇಳಿದರೆ ಸಿಗುವ ಉತ್ತರ ಒಂದೇ: ‘ಕಾಫಿ ಹೋಗ್ಲಿ, ಆಮೇಲೆ ನೋಡೋಣ.’ ಅದು ನೆಪವಲ್ಲ. ಆಗ ಕೊಯ್ಲಿನ ಕೂಲಿಗೇ ಕೈಯಲ್ಲಿ ದುಡ್ಡಿರುವುದಿಲ್ಲ. ಹಾಗಾಗಿ ಆಗ ಕೇಳುವುದು ಹೆಸರು ಮಾತ್ರ. ‘ಚಿಕ್ಕಪ್ಪ, ಕಿಲೋಮೀಟರಿಗೆ ಐದು ರೂಪಾಯಿ ಅಂತ ನಿಮ್ಮ ಹೆಸರು ಬರ್ಕೊಳ್ಳಲಾ? ಒಟ್ಟು ಸಾವಿರದ ಐನೂರು ಆಗುತ್ತೆ. ಈಗ ಬೇಡ, ಕಾಫಿ ಹೋದ ಮೇಲೆ ಕೊಟ್ರೆ ಸಾಕು.’ ಒಟ್ಟು ಮೊತ್ತವನ್ನು ಬಾಯಿಬಿಟ್ಟು ಹೇಳಲೇಬೇಕು. ಐದು ರೂಪಾಯಿ ಎಂದಷ್ಟೇ ಕೇಳಿಸಿಕೊಂಡವರಿಗೆ ಆಮೇಲೆ ಸಾವಿರದ ಐನೂರು ಭಾರವಾಗುತ್ತದೆ. ನೋಟ್‌ಬುಕ್ಕಿನಲ್ಲಿ ಹೆಸರು, ಫೋನು, ದರ, ಒಟ್ಟು, ಯಾವ ತಿಂಗಳು ಕೊಡುತ್ತಾರೆ ಎಂಬ ಐದು ಕಾಲಂ. ನಿವೃತ್ತ ಸೈನಿಕರಿಗೆ ಪಿಂಚಣಿ ಬಂದ ವಾರ, ಅಂಗಡಿಯವರಿಗೆ ಸಂತೆಯ ಮರುದಿನ. ಮಡಿಕೇರಿಯಲ್ಲಿ ಶುಕ್ರವಾರ ಸಂತೆ, ಶನಿವಾರ ಹೋದರೆ ಕೂತು ಮಾತಾಡುತ್ತಾರೆ.

ಹಣ ಸವಾರರ ಖಾತೆಗೆ ಬರಲೇಬಾರದು. ನೋಂದಾಯಿತ ಟ್ರಸ್ಟಿನ ಕ್ಯೂಆರ್ ಕಾರ್ಡನ್ನೇ ಕೊರಳಿಗೆ ಹಾಕಿಕೊಂಡು ಹೋಗುತ್ತೇವೆ. ಸ್ಕ್ಯಾನ್ ಮಾಡಿದಾಗ ಟ್ರಸ್ಟಿನ ಹೆಸರು ಕಂಡರೆ ಕೊಡುವವರಿಗೂ ಧೈರ್ಯ. ವೈಯಕ್ತಿಕ ಖಾತೆಗೆ ಬಂದರೆ ಅವರಿಗೆ ರಸೀದಿ ಸಿಗುವುದಿಲ್ಲ, ನಮಗೆ ಲೆಕ್ಕ ಕೊಡುವುದು ಕಷ್ಟ. ಆ ದಿನವೇ ಯುಪಿಐನ 12 ಅಂಕಿಯ ಸಂಖ್ಯೆಯನ್ನು ಹೆಸರಿನ ಮುಂದೆ ಬರೆದಿಡಿ. ವಾರ ಕಳೆದರೆ ಬ್ಯಾಂಕ್ ಪಟ್ಟಿಯಲ್ಲಿ 500 ರೂಪಾಯಿಯ ಹತ್ತು ಸಾಲಿನಲ್ಲಿ ಯಾವುದು ಯಾರದ್ದೆಂದು ಹುಡುಕಲಾಗುವುದಿಲ್ಲ. ದೇಣಿಗೆಗೆ ಸಿಗುವ ಆದಾಯ ತೆರಿಗೆ ರಿಯಾಯಿತಿ (80ಜಿ ಎಂದೇ ಪರಿಚಿತ) ಬೇಕೆನ್ನುವವರಿಂದ ಪ್ಯಾನ್ ಮತ್ತು ವಿಳಾಸ ಆಗಲೇ ಬರೆಸಿಕೊಳ್ಳಿ. 2,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ಆ ರಿಯಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ. ಇದನ್ನು ಮೊದಲೇ ಹೇಳದಿದ್ದರೆ ಆಮೇಲೆ ಬೇಸರವಾಗುತ್ತದೆ.

ನಮ್ಮಲ್ಲಿ ಎಷ್ಟೋ ಮನೆಯವರು ಹೊರದೇಶದಲ್ಲಿದ್ದಾರೆ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ತೊಂದರೆಯಿಲ್ಲ. ಅಲ್ಲಿಯ ಪೌರತ್ವ ಪಡೆದವರ ಹಣ, ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ವಿದೇಶಿ ದೇಣಿಗೆ ಎನಿಸುತ್ತದೆ. ಟ್ರಸ್ಟಿಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅಡಿ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದಿದ್ದರೆ ಅದನ್ನು ತೆಗೆದುಕೊಳ್ಳುವಂತಿಲ್ಲ. ‘ಅಕ್ಕಾ, ನಿಮ್ಮದು ಯಾವ ಪಾಸ್‌ಪೋರ್ಟ್?’ ಎಂದು ಕೇಳಲು ಸಂಕೋಚ ಪಡಬೇಡಿ.

ಊಟ, ವಸತಿ, ಜರ್ಸಿ, ಜೊತೆಗೆ ಬರುವ ವಾಹನದ ಡೀಸೆಲ್ ಎಲ್ಲ ಸವಾರರ ಸ್ವಂತ ಖರ್ಚು. ದೇಣಿಗೆಯ ಒಂದು ರೂಪಾಯಿಯನ್ನೂ ಇದಕ್ಕೆ ಮುಟ್ಟುವುದಿಲ್ಲ ಎಂದು ಹೇಳಲು ಸಾಧ್ಯವಾದರೆ ಅರ್ಧ ಪ್ರಶ್ನೆಗಳು ಅಲ್ಲೇ ಮುಗಿಯುತ್ತವೆ.

ಸವಾರಿಯ ದಿನಗಳ ಬಗ್ಗೆ ಹೇಳಬೇಕಾದ್ದು ಕಡಿಮೆ. ತಲಕಾವೇರಿಯಿಂದ ಬೆಳಿಗ್ಗೆ ಏಳಕ್ಕೆ ಹೊರಡುವಾಗ ಮಂಜಿರುತ್ತದೆ, ಹಿಂದೆ ಮುಂದೆ ದೀಪ ಹೊತ್ತಿರಲಿ. ಮೈಸೂರು–ಬೆಂಗಳೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕಿಗೂ ಸೈಕಲ್ಲಿಗೂ ಪ್ರವೇಶವಿಲ್ಲ, ಸರ್ವೀಸ್ ರಸ್ತೆಯೇ ಗತಿ. ಅಲ್ಲಿ ಎದುರಿನಿಂದ ಬರುವ ಬೈಕು, ಟ್ರ್ಯಾಕ್ಟರ್ ಹೆಚ್ಚು, ಆದ್ದರಿಂದ ಸಾಲಾಗಿ ಒಬ್ಬರ ಹಿಂದೆ ಒಬ್ಬರು. ಮೂರನೇ ದಿನ ಐದೂವರೆಗೆ ಹೊರಟು ಹನ್ನೊಂದರ ಬಿಸಿಲಿಗೆ ಮೊದಲು 80 ಕಿಲೋಮೀಟರ್ ಮುಗಿಸುವುದು ನಮ್ಮ ಪದ್ಧತಿ.

ಬೆಂಗಳೂರು ತಲುಪಿದ ಸಂಜೆಯೇ ಹೆಸರು ಬರೆಸಿದ ಎಲ್ಲರಿಗೂ ಒಂದು ಫೋಟೋ, ದೂರ, ಅವರ ಮೊತ್ತ, ಕ್ಯೂಆರ್ ಹೋಗಬೇಕು. ರೋಗಿಗಳ ಫೋಟೋ ಬೇಡ. ವಾರ ಬಿಟ್ಟು ಒಂದು ಫೋನು, ಇನ್ನೊಂದು ವಾರಕ್ಕೆ ಮನೆಗೆ ಹೋಗಿ ಭೇಟಿ, ಅಲ್ಲಿಗೆ ನಿಲ್ಲಿಸುತ್ತೇವೆ. ಕಾಫಿ ಹೂ ಅರಳಿಸುವ ಮಾರ್ಚ್ ಹೂಮಳೆ ಬಿದ್ದರೆ ಬೆಳೆಗಾರರು ತೋಟದ ಕೆಲಸದಲ್ಲಿ ಮುಳುಗುತ್ತಾರೆ, ಆಮೇಲೆ ಹಿಡಿಯುವುದು ಕಷ್ಟ. ಮಾರ್ಚ್ 31ರೊಳಗೆ ಟ್ರಸ್ಟಿನ ಖಾತೆಗೆ ಬಂದದ್ದು ಆ ವರ್ಷದ ರಸೀದಿಗೆ ಸೇರುತ್ತದೆ. ಉಳಿದದ್ದಕ್ಕೆ ಮುಂದಿನ ವರ್ಷದ ಪುಸ್ತಕದಲ್ಲಿ ಹೊಸ ಪುಟ.