ಮಾರ್ಫಾನ್ ಇದ್ದವರ ಫೈಲಿನ ಮೊದಲ ಹಾಳೆ

ಉದ್ದನೆ ಕೈಕಾಲು, ಸಣಕಲು ಮೈ, ದಪ್ಪ ಕನ್ನಡಕ: ಮೈಯ ಅಂಗಾಂಶಗಳನ್ನು ಸಡಿಲಗೊಳಿಸುವ ವಂಶವಾಹಿ ಕಾಯಿಲೆಯಾದ ಮಾರ್ಫಾನ್ ಇದ್ದವರಲ್ಲಿ ಜನ ನೋಡುವುದು ಇಷ್ಟೇ. ಮಾರ್ಫಾನ್‌ನಲ್ಲಿ ಜೀವಕ್ಕೆ ಕುತ್ತು ತರುವುದು ಕಣ್ಣಿಗೆ ಕಾಣದ ಮಹಾಧಮನಿ, ಅಂದರೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ. ಫೈಬ್ರಿಲಿನ್-1 ಜೀನ್ ಕೆಟ್ಟಿರುವುದರಿಂದ ಅದರ ಬುಡ ಸಡಿಲಗೊಂಡು ಹಿಗ್ಗುತ್ತಾ ಹೋಗುತ್ತದೆ, ನೋವೇ ಇಲ್ಲದೆ.

ಹಾಗಾಗಿ ಒಂದು ರಟ್ಟಿನ ಫೈಲ್ ಮಾಡಿ. ಮೊದಲ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಕಾಯಿಲೆಯ ಹೆಸರು, ಕೊನೆಯ ಎಕೋದ (ಹೃದಯದ ಸ್ಕ್ಯಾನ್) ತಾರೀಖು, ಮಹಾಧಮನಿ ಬುಡದ ಅಳತೆ, ನುಂಗುವ ಮಾತ್ರೆಗಳು, ರಕ್ತದ ಗುಂಪು.

ಎಕೋ ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ದಾವಣಗೆರೆಯಲ್ಲೇ ಆಗುತ್ತದೆ, ಆದರೆ ಪ್ರತಿ ಸಲ ಒಂದೇ ಕಡೆ ಮಾಡಿಸಿ. ಎರಡು ಕಡೆ ಮಾಡಿಸಿದರೆ 1–2 ಮಿ.ಮೀ. ಫರಕು ಸುಮ್ಮನೆ ಬರುತ್ತದೆ, ಮನೆಮಂದಿಗೆಲ್ಲ ನಿದ್ದೆಗೇಡು. 'ಸ್ವಲ್ಪ ಹಿಗ್ಗಿದೆ' ಎಂಬ ರಿಪೋರ್ಟ್ ಪ್ರಯೋಜನಕ್ಕಿಲ್ಲ. 'ಸೈನಸ್ (ಮಹಾಧಮನಿ ಬುಡದ ಉಬ್ಬಿದ ಭಾಗ) ಎಷ್ಟು ಮಿ.ಮೀ.' ಎಂದು ಬರೆಸಿಕೊಂಡೇ ಎದ್ದೇಳಿ. 50 ಮಿ.ಮೀ. ಮುಟ್ಟಿದರೆ ಶಸ್ತ್ರಚಿಕಿತ್ಸೆಯ ಮಾತು. ಮನೆತನದಲ್ಲಿ ಯಾರಿಗಾದರೂ ಧಮನಿ ಸೀಳಿದ್ದರೆ, ಗರ್ಭ ಧರಿಸುವ ಯೋಚನೆಯಿದ್ದರೆ, ಅಥವಾ ವರ್ಷಕ್ಕೆ 3 ಮಿ.ಮೀ.ಗಿಂತ ಹೆಚ್ಚು ಬೆಳೆಯುತ್ತಿದ್ದರೆ ಅದಕ್ಕೂ ಮೊದಲೇ. ನಾಡಿಬಡಿತ, ಬಿಪಿ ಇಳಿಸುವ ಬೀಟಾ ಬ್ಲಾಕರ್ ಮಾತ್ರೆ ಖಾಲಿಯಾಯಿತೆಂದು ಥಟ್ಟನೆ ಬಿಡಬೇಡಿ, ನಾಡಿಬಡಿತ ಏರಿಬಿಡುತ್ತದೆ. ಬಿಪಿಯ ಇನ್ನೊಂದು ಮಾತ್ರೆ ಲೋಸಾರ್ಟಾನ್ ಬಸುರಿಯರಿಗೆ ಕೂಡದು.

ಎಲ್ಲರೂ ಎಡವುವುದು ಮೆಡಿಕಲ್ ಶಾಪಿನಲ್ಲಿ. ಜಾತ್ರೆ ಊಟ ಉಂಡು ಭೇದಿ ಶುರುವಾಯಿತೆಂದು ಕೇಳಿದರೆ ಕೈಗೆ ಬರುವುದು ಬಹುಪಾಲು ಓಫ್ಲಾಕ್ಸಾಸಿನ್ ಸೇರಿದ ಮಾತ್ರೆ. ಸ್ಟ್ರಿಪ್ ತಿರುಗಿಸಿ ಓದಿ: ಹೆಸರಿನ ಬಾಲ 'ಫ್ಲಾಕ್ಸಾಸಿನ್' ಆಗಿದ್ದರೆ (ಸಿಪ್ರೊ, ಲಿವೊ, ನಾರ್, ಯಾವುದೇ ಇರಲಿ) ವಾಪಸ್ ಕೊಟ್ಟು ಓಆರ್‌ಎಸ್ ತನ್ನಿ, ಡಾಕ್ಟರಿಗೆ ಬೇರೆ ಔಷಧಿ ಕೇಳಿ. ಇವು ಧಮನಿ ಸೀಳುವ ಅಪಾಯ ಹೆಚ್ಚಿಸುತ್ತವೆಂದು ಅಮೆರಿಕದ ಔಷಧ ನಿಯಂತ್ರಕರು 2018ರಲ್ಲೇ ಎಚ್ಚರಿಸಿದ್ದಾರೆ. ಇದನ್ನೂ ಮೊದಲ ಹಾಳೆಗೆ ಸೇರಿಸಿ, ಕೆಂಪು ಪೆನ್ನಿನಲ್ಲಿ.

ನಡಿಗೆ ಒಳ್ಳೆಯದು, ಕುಂದವಾಡ ಕೆರೆ ಏರಿ ಮೇಲೆ ಮಾತಾಡುತ್ತಾ ನಡೆಯುವಷ್ಟು ವೇಗ ಸಾಕು. ಮಾತು ನಿಂತು ಏದುಸಿರು ಬಂದರೆ ಜಾಸ್ತಿಯಾಯಿತು. 50 ಕೆ.ಜಿ. ಅಕ್ಕಿ ಮೂಟೆ, ತುಂಬಿದ ಸಿಲಿಂಡರ್ ಎತ್ತುವುದು ಬೇಡವೇ ಬೇಡ: ಉಸಿರು ಬಿಗಿಹಿಡಿದು ಎತ್ತುವಾಗ ಬಿಪಿ ಒಮ್ಮೆಲೇ ಜಿಗಿಯುತ್ತದೆ. ಮಲಬದ್ಧತೆಯಲ್ಲಿ ತಿಣುಕುವಾಗಲೂ ಆಗುವುದು ಅದೇ. ಕಣ್ಣ ಮುಂದೆ ಮಿಂಚು, ಪರದೆ ಇಳಿದಂತಾದರೆ ಅಂದೇ ಕಣ್ಣಿನ ಡಾಕ್ಟರು.

ಪ್ರತಿ ಮಗುವಿಗೂ ಇದು ಬರುವ ಸಾಧ್ಯತೆ ಅರ್ಧಕ್ಕರ್ಧ. ಒಡಹುಟ್ಟಿದವರು, ಹೆತ್ತವರು, ಮಕ್ಕಳು ಕುಳ್ಳಗಿದ್ದರೂ ಎಕೋ ತಪ್ಪಿಸಬಾರದು.

ಎದೆ ಅಥವಾ ಬೆನ್ನಲ್ಲಿ ಬಟ್ಟೆ ಹರಿದಂತೆ ಒಮ್ಮೆಲೇ ನೋವು ಬಂದರೆ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿಯುತ್ತಾ ಕೂರಬೇಡಿ, 108ಕ್ಕೆ ಕರೆ ಮಾಡಿ. ಇದು ಧಮನಿ ಸೀಳಿದ ನೋವಿರಬಹುದು; ಹೃದಯಾಘಾತವೆಂದು ತಿಳಿದು ರಕ್ತ ಕರಗಿಸುವ ಇಂಜೆಕ್ಷನ್ ಕೊಟ್ಟರೆ ಪ್ರಾಣಕ್ಕೇ ಬರಬಹುದು. ಕ್ಯಾಶುವಾಲ್ಟಿ ಬಾಗಿಲಲ್ಲೇ ಆ ಹಾಳೆ ತೋರಿಸಿ, 'ಮಾರ್ಫಾನ್ ಇದೆ, ಡಿಸೆಕ್ಷನ್ (ಧಮನಿ ಸೀಳು) ಇರಬಹುದು, ಸಿಟಿ ಆಂಜಿಯೋ ಮಾಡಿ' ಎನ್ನಿ. ದಾವಣಗೆರೆಯಿಂದ ಬೆಂಗಳೂರು ಸುಮಾರು 260 ಕಿ.ಮೀ.; ಬಿಪಿ ಇಳಿಸುವ ಡ್ರಿಪ್ ಹಾಕಿಸಿಕೊಂಡು, ಅಲ್ಲಿ ಆ ರಾತ್ರಿ ಆಪರೇಷನ್ ಮಾಡುವವರಿದ್ದಾರೆಯೇ ಎಂದು ಫೋನಿನಲ್ಲಿ ಖಚಿತಪಡಿಸಿಕೊಂಡ ಮೇಲೆಯೇ ಆಂಬುಲೆನ್ಸ್ ಹೊರಡಲಿ.